ಸುನಿತಾ ಮೇಡಂ ಹೇಳಿಕೊಟ್ಟ ಫಿನ್ಲೆಂಡು

ಸುನಿತಾ ಮೇಡಂ ಕೈಗಡಿಯಾರ ಕಟ್ಟುವುದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಬಿಚ್ಚುವುದು ಸಂಜೆ ಐದಕ್ಕೆ. ಅದರ ಆಚೀಚೆಗೆ ಗಡಿಯಾರದ ಅಗತ್ಯವಿಲ್ಲ. ಹೊತ್ತು ಎಷ್ಟಾಯಿತೆಂದು ಕೊಟ್ಟಿಗೆಯ ನಾಲ್ಕು ಸೀಮೆಹಸುಗಳು ಹೇಳುತ್ತವೆ. ಹಸುಗಳು ಸುಮ್ಮನಿದ್ದರೆ ಅತ್ತೆ ಚಿಕ್ಕಬೋರಮ್ಮ ಹೇಳುತ್ತಾಳೆ.

ಹುಟ್ಟಿದ್ದು ಪಾಂಡವಪುರದಲ್ಲಿ. ಸಕ್ಕರೆ ಕಾರ್ಖಾನೆಯ ಹೊಗೆ ನೋಡುತ್ತಾ ಬಿ.ಎ., ಬಿ.ಎಡ್. ಮುಗಿಸಿ, ಮದುವೆಯಾಗಿ ಶೀಳನೆರೆ ಹೋಬಳಿಯ ಮಾಚೇನಕೊಪ್ಪಲಿಗೆ ಬಂದವಳು. ಗಂಡ ಚಲುವರಾಜು ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾನೆ. ಯಾರ ಮನೆಯ ಹಾಲಿನಲ್ಲಿ ಎಷ್ಟು ನೀರಿದೆ ಎಂದು ಕ್ಷಣದಲ್ಲಿ ಹೇಳಬಲ್ಲ. ತನ್ನ ಮನೆಯ ಹಸುಗಳಿಗೆ ಹಿಂಡಿ ಎಷ್ಟು ಹಾಕಬೇಕು ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾನೆ.

ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸುನಿತಾ ಒಂಬತ್ತು ವರ್ಷದಿಂದ ಅತಿಥಿ ಶಿಕ್ಷಕಿ. ಒಂಬತ್ತು ವರ್ಷ ಇದ್ದವರನ್ನು ಬೇರೆ ಎಲ್ಲಾದರೂ ಅತಿಥಿ ಎನ್ನುತ್ತಾರೋ ಇಲ್ಲವೋ, ಶಾಲೆಯಲ್ಲಂತೂ ಎನ್ನುತ್ತಾರೆ. ಪ್ರತಿ ಮಾರ್ಚಿಗೆ ಕೆಲಸ ಮುಗಿಯುತ್ತದೆ. ಪ್ರತಿ ಜೂನಿಗೆ ಶಾಲಾಭಿವೃದ್ಧಿ ಸಮಿತಿ ಮತ್ತೆ ಕರೆದರೆ ಉಂಟು. ನಡುವಿನ ಎರಡು ತಿಂಗಳು ಅವಳ ಕೈಗಡಿಯಾರ ಅಡಿಗೆಮನೆಯ ಗೂಡಿನಲ್ಲಿ, ಅರಿಸಿನದ ಡಬ್ಬಿಯ ಪಕ್ಕದಲ್ಲಿ ಇರುತ್ತದೆ.

ಕೂತು ಉಣ್ಣುವ ಒಂದೇ ಊಟ ಅವಳಿಗೆ ಶಾಲೆಯಲ್ಲಿ ಸಿಗುತ್ತಿತ್ತು. ಬೇರೆಯವರು ಅವಳ ಹೆಸರು ಹಿಡಿದು ಕರೆಯುತ್ತಿದ್ದುದೂ ಅಲ್ಲೇ. ಹಾಗಾಗಿ ಡಿಸೆಂಬರಿನಲ್ಲಿ ಹೆಡ್‌ಮೇಷ್ಟ್ರು ಶಂಕರ್ ಅವಳನ್ನು ಪಕ್ಕಕ್ಕೆ ಕರೆದು, "ಈ ಸಲ ಜೂನಿಗೆ ಕಷ್ಟ ಇದೆ ಮೇಡಂ. ಅಧ್ಯಕ್ಷರ ತಂಗಿ ಸೊಸೆ ನಾಗಮಂಗಲದ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿದ್ದಾಳೆ. ಅವಳದ್ದೂ ಬಿ.ಎಡ್. ಆಗಿದೆ," ಎಂದಾಗ ಅವಳ ಕಣ್ಣ ಮುಂದೆ ಮೊದಲು ಬಂದದ್ದು ಆ ಗೂಡು.

ಅಧ್ಯಕ್ಷ ಎಂದರೆ ಬೀರಯ್ಯ. ಮೊಮ್ಮಗಳು ಅನು ಆರನೇ ತರಗತಿಯಲ್ಲಿದ್ದುದರಿಂದ ಪೋಷಕನ ಲೆಕ್ಕದಲ್ಲಿ ಸಮಿತಿಗೆ ಬಂದು, ಬಂದ ದಿನವೇ ಅಧ್ಯಕ್ಷನ ಕುರ್ಚಿಯಲ್ಲಿ ಕೂತು, ಆಮೇಲೆ ಏಳದೇ ಇದ್ದವನು.

ಜನವರಿ ಮೊದಲ ವಾರ ಹೆಡ್‌ಮೇಷ್ಟ್ರು ಮತ್ತೆ ಕರೆದರು. "ಮೇಡಂ, ಫಿನ್ಲೆಂಡ್ ಬರ್ತಾ ಇದೆ."

"ಎಲ್ಲಿಗೆ ಸಾರ್?"

"ನಿಮ್ಮ ಮನೆಗೆ."

ಬೆಂಗಳೂರಿನ ಒಂದು ಟ್ರಸ್ಟು ಹಳ್ಳಿಯ ಮಕ್ಕಳಿಗೆ ಜಗತ್ತು ತೋರಿಸುವ ಕಾರ್ಯಕ್ರಮ ಇಟ್ಟುಕೊಂಡಿತ್ತು. ಬ್ಯಾಗಿಲ್ಲದ ಎಂಟು ಶನಿವಾರ ಒಬ್ಬ ಫಿನ್ಲೆಂಡಿನ ಮೇಷ್ಟ್ರು ಬಂದು ತನ್ನ ದೇಶದ ಸಂಸ್ಕೃತಿಯ ಪಾಠ ಮಾಡುತ್ತಾನೆ. ಅವನ ಇಂಗ್ಲಿಷನ್ನು ಒಬ್ಬರು ಕನ್ನಡಕ್ಕೆ ಹೇಳಬೇಕು. ಬೇಕಾದ ಸಾಮಗ್ರಿಗಳ ಹದಿನಾಲ್ಕು ಅಂಶದ ಪಟ್ಟಿ ಬಂದಿತ್ತು: ಪ್ರೊಜೆಕ್ಟರು, ಬಿಳಿ ಪರದೆ, ಬಣ್ಣದ ಕಾಗದ, ಗೋಂದು. ಎರಡು ತಿಂಗಳು ಅವನಿಗೆ ಅನ್ನ ಬೇಯಿಸುವವರು, ಬಿಸಿನೀರು ಕಾಯಿಸುವವರು, ಹಾಸಿಗೆ ಒಗೆಯುವವರು ಯಾರು ಎಂಬುದು ಪಟ್ಟಿಯಲ್ಲಿರಲಿಲ್ಲ.

"ನಮ್ಮ ಮನೆಯವರಿಗೆ ಬೆನ್ನು ನೋವು ಮೇಡಂ. ನಿಮಗೆ ಮಹಡಿ ಮೇಲೆ ರೂಮಿದೆ, ಇಂಗ್ಲಿಷೂ ಬರ್ತದೆ. ಇದೊಂದು ಚೆನ್ನಾಗಿ ನಡೆಸಿಕೊಟ್ಟುಬಿಡಿ. ಇವರಿಲ್ಲದೆ ಶಾಲೆ ನಡೆಯಲ್ಲ ಅಂತ ನಾನೇ ಬರೆದು ಹಾಕ್ತೀನಿ. ಬೀರಯ್ಯನೋರೂ ಅಲ್ಲಾಡೋ ಹಾಗಿರಲ್ಲ."

ಸುನಿತಾ ಒಪ್ಪಿದಳು.

ಅವನ ಹೆಸರು ಈರೋ. ಇಪ್ಪತ್ತಾರು ವರ್ಷ. ಚಲುವರಾಜು ಅಕ್ಕಿಹೆಬ್ಬಾಳು ಸ್ಟೇಷನ್ನಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಬರುವಷ್ಟರಲ್ಲಿ ಊರು ಅವನಿಗೆ ಈರಣ್ಣ ಎಂದು ಹೆಸರಿಟ್ಟಾಗಿತ್ತು. ಮಾತು ಬಹಳ ಕಡಿಮೆ. ಏನಾದರೂ ಕೇಳಿದರೆ ಬಾವಿಯಿಂದ ನೀರು ಸೇದಿ ತರುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಹೌದು ಅಥವಾ ಇಲ್ಲ ಎನ್ನುತ್ತಿದ್ದ.

ಮೊದಲ ಫಜೀತಿ ಆದದ್ದು ಆ ರಾತ್ರಿಯ ಊಟದಲ್ಲೇ. ಚಲುವರಾಜು ಮುದ್ದೆ ಮುಗಿಸಿ, ಎಂದಿನಂತೆ ಚೊಂಬಿನ ನೀರು ಹೊಯ್ದು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವನಪ್ಪ ಹಾಗೆ ಎದ್ದು ಹೋಗುತ್ತಿದ್ದ, ತಾತನೂ ಹಾಗೆಯೇ. ಹುರುಳಿಸಾರು ಬೆರೆತ ಕೈತೊಳೆದ ನೀರು ತುಳುಕದ ಹಾಗೆ ಆ ತಟ್ಟೆಯನ್ನು ಹಿತ್ತಲಿಗೆ ಒಯ್ಯುವುದು ಈ ಮನೆಯ ಸೊಸೆಯರು ಕಲಿಯುವ ಮೊದಲ ವಿದ್ಯೆ. ಈರೋ ಹಾಗೆ ಎದ್ದು ಹೋಗಲಿಲ್ಲ. ತಟ್ಟೆ ಎತ್ತಿಕೊಂಡು ಹಿತ್ತಲಿನ ತೊಳೆಯುವ ಕಲ್ಲಿನ ಕಡೆ ನಡೆದ.

ಚಿಕ್ಕಬೋರಮ್ಮ ಓಡಿ ಹೋಗಿ ತಟ್ಟೆಯ ಇನ್ನೊಂದು ಅಂಚು ಹಿಡಿದಳು. "ಅಯ್ಯೋ ಬುಡಪ್ಪ, ಬುಡು! ಮನೆಗ್ ಬಂದೋರು ಎಂಜಲೆತ್ತಿದ್ರೆ ನಮ್ಮನೆ ಉದ್ಧಾರ ಆಯ್ತದಾ?"

ಈರೋಗೆ ಕನ್ನಡ ಬರದು. ಥ್ಯಾಂಕ್ಯೂ ಎಂದು ತಟ್ಟೆ ಎಳೆದುಕೊಂಡ. ಚಿಕ್ಕಬೋರಮ್ಮ ತನ್ನ ಕಡೆಗೆ ಎಳೆದಳು. ಅರವತ್ತನಾಲ್ಕು ವರ್ಷದ ಹೆಂಗಸು, ದಿನಾ ಹುಲ್ಲಿನ ಹೊರೆ ಹೊರುವ ತೋಳು. ಇಬ್ಬರೂ ತಟ್ಟೆ ಹಿಡಿದು ಹಿತ್ತಲಲ್ಲಿ ಎರಡು ಸುತ್ತು ತಿರುಗಿದರು. ಕೊನೆಗೆ ಅವನೇ ಗೆದ್ದ, ತೊಳೆದ, ಬಟ್ಟೆಯಲ್ಲಿ ಒರೆಸಿ ತಂದು ಮಡಗಿದ.

"ಏನಮ್ಮಿ, ಈವಯ್ಯಂಗೆ ತಲೆ ಸರಿಗೈತಾ?" ಎಂದ ಚಲುವರಾಜು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ.

ಮಾರನೆಯ ದಿನ ಚಿಕ್ಕಬೋರಮ್ಮ ಉಪಾಯ ಮಾಡಿದಳು. ಈರಣ್ಣನಿಗೆ ಬಾಳೆಲೆಯಲ್ಲಿ ಬಡಿಸಿದಳು. ಎಲೆಯಾದರೆ ತೊಳೆಯುವ ಪ್ರಶ್ನೆಯೇ ಇಲ್ಲ, ಎತ್ತಿ ಹಸುವಿಗೆ ಹಾಕಿದರೆ ಆಯಿತು. ಈರೋ ಉಂಡ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದ. ಸೋಪು ಹಚ್ಚಿ ತೊಳೆದ. ಒರೆಸಿ ತಂದು ಸ್ಟ್ಯಾಂಡಿನಲ್ಲಿ ತಟ್ಟೆಗಳ ಸಾಲಿನಲ್ಲಿ ನಿಲ್ಲಿಸಿದ. ಅದು ಎರಡು ದಿನ ಅಲ್ಲೇ ಇತ್ತು. ಹಸು ಕೂಡ ಅದನ್ನು ಮೂಸಿ ಬಿಟ್ಟಿತು.

ಶನಿವಾರ ಮೊದಲ ಪಾಠ. ಐದು, ಆರು, ಏಳನೇ ತರಗತಿಯ ನಲವತ್ತು ಮಕ್ಕಳು ಒಂದೇ ಕೋಣೆಯಲ್ಲಿ. ಈರೋ ಪರದೆಯ ಮೇಲೆ ನಕ್ಷೆ ತೋರಿಸಿ, ನಮ್ಮಲ್ಲಿ ಲಕ್ಷದ ಎಂಬತ್ತೆಂಟು ಸಾವಿರ ಕೆರೆಗಳಿವೆ ಎಂದ. ಸುನಿತಾ ಇದ್ದುದನ್ನು ಇದ್ದ ಹಾಗೆ ಹೇಳಿದಳು.

ಮುಂದಿನ ಸಾಲಿನಲ್ಲಿ ಅನು ಎದ್ದು ನಿಂತಳು. "ಮೇಡಂ, ಒತ್ತುವರಿ ಆಗಿರಾದು ಬುಟ್ಟಾ, ಸೇರ್ಸಿಯಾ?"

ಸುನಿತಾ ಇಂಗ್ಲಿಷಿನಲ್ಲಿ ಕೇಳಿದಳು. ಈರೋ ಬಹಳ ಹೊತ್ತು ಯೋಚಿಸಿ, ಕೆರೆಯನ್ನು ಯಾಕೆ ಒತ್ತುವರಿ ಮಾಡುತ್ತಾರೆ ಎಂದು ತಿರುಗಿ ಕೇಳಿದ. ಮಕ್ಕಳಿಗೆ ಅವನ ಬಗ್ಗೆ ಕನಿಕರ ಹುಟ್ಟಿತು.

ಆಮೇಲೆ ಆ ಚಿತ್ರ ಬಂತು. ಒಬ್ಬ ಗಂಡಸು ಮೊಣಕಾಲುದ್ದ ನೀರಿನಲ್ಲಿ ಓಡುತ್ತಿದ್ದಾನೆ. ಅವನ ಬೆನ್ನಿಗೆ ಒಬ್ಬ ಹೆಂಗಸು ತಲೆಕೆಳಗಾಗಿ ನೇತಾಡುತ್ತಿದ್ದಾಳೆ, ಕಾಲುಗಳು ಅವನ ಕತ್ತಿನ ಸುತ್ತ. ಈರೋ ಮುಖದಲ್ಲಿ ಮೊದಲ ಬಾರಿಗೆ ನಗು ಕಾಣಿಸಿತು. ಇದು ಹೆಂಡತಿಯನ್ನು ಹೊತ್ತು ಓಡುವ ಪಂದ್ಯ, ಗೆದ್ದವನಿಗೆ ಹೆಂಡತಿಯ ತೂಕದಷ್ಟು ಬಿಯರು ಬಹುಮಾನ ಎಂದ.

ಸುನಿತಾ ಪರದೆ ನೋಡಿದಳು, ಮಕ್ಕಳನ್ನು ನೋಡಿದಳು, ಅಧ್ಯಕ್ಷರ ಮೊಮ್ಮಗಳನ್ನು ನೋಡಿದಳು. ಹೆಂಡತಿ, ಕಾಲು, ಬಿಯರು. ಇದನ್ನು ಕನ್ನಡದಲ್ಲಿ ಹೇಳಿದರೆ ಜೂನ್ ತನಕ ಕಾಯಬೇಕಾಗಿಯೇ ಇಲ್ಲ. ಗಂಟಲು ಸರಿಮಾಡಿಕೊಂಡಳು.

"ಮಕ್ಕಳೇ, ಈ ಹೆಂಗಸು ಮನೆ ಕೆಲಸ ಮಾಡೀ ಮಾಡೀ ಸುಸ್ತಾಗಿ ಬಿದ್ದುಬಿಟ್ಟಿದ್ದಾಳೆ. ಗಂಡ ಆಸ್ಪತ್ರೆಗೆ ಹೊತ್ತುಕೊಂಡು ಓಡ್ತಾ ಇದ್ದಾನೆ."

"ಬದುಕಿದ್ಲಾ ಮೇಡಂ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಬದುಕಿದಳು. ಆಮೇಲೆ ಡಾಕ್ಟರು ಗಂಡನ್ನ ಕೇಳಿದರು, ನಿಮ್ಮ ಮನೇಲಿ ಊಟ ಆದ ಮೇಲೆ ತಟ್ಟೆ ಯಾರು ತೊಳೀತಾರೆ ಅಂತ. ಇವಳೇ ಅಂದ. ಎಷ್ಟು ಜನದ್ದು? ಎಂಟು ಜನದ್ದು. ಡಾಕ್ಟರು ಸರ್ಕಾರಕ್ಕೆ ಬರೆದರು. ಅವತ್ತಿನಿಂದ ಫಿನ್ಲೆಂಡಿನಲ್ಲಿ ಕಾನೂನಾಯಿತು: ಉಂಡವರ ತಟ್ಟೆ ಉಂಡವರೇ ತೊಳೆಯಬೇಕು. ತಟ್ಟೆಯಲ್ಲಿ ಕೈ ತೊಳೆಯಕೂಡದು. ತೊಳೆದರೆ ಕೇಸು."

ತನ್ನ ಬಾಯಿಂದ ಇದೆಲ್ಲ ಬಂದದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಮಕ್ಕಳು ಬರೆದುಕೊಂಡರು.

ಪಾಠ ಮುಗಿದ ಮೇಲೆ ಈರೋ ಬೇಸರದಿಂದ ಕೇಳಿದ, ಆ ಚಿತ್ರಕ್ಕೆ ಎಲ್ಲ ಕಡೆಯೂ ಜನ ನಗುತ್ತಾರೆ, ಇಲ್ಲಿ ಇಬ್ಬರು ಹುಡುಗಿಯರು ಅತ್ತರಲ್ಲ? ಇಲ್ಲಿಯ ಮಕ್ಕಳು ಬಹಳ ಗಂಭೀರ ಸಾರ್ ಎಂದಳು ಸುನಿತಾ.

ಎರಡನೆಯ ಶನಿವಾರದಿಂದ ಅವಳಿಗೆ ರುಚಿ ಹತ್ತಿತು. ಈರೋ ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದ, ಅವಳು ಹತ್ತು ನಿಮಿಷ ಮಾತಾಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಯಾವ ಪಾಠವೂ ಇಷ್ಟು ಸಲೀಸಾಗಿ ಬಂದಿರಲಿಲ್ಲ. ಪುಸ್ತಕ ನೋಡಬೇಕಿರಲಿಲ್ಲ. ಮಾಚೇನಕೊಪ್ಪಲಿನಲ್ಲಿ ಏನು ನಡೆಯುತ್ತದೋ ಅದನ್ನು ದೋಸೆಯ ಹಾಗೆ ಮಗುಚಿ ಹಾಕಿದರೆ ಫಿನ್ಲೆಂಡ್ ತಯಾರಾಗುತ್ತಿತ್ತು.

ಈರೋ ಮಂಜುಗಡ್ಡೆಗೆ ತೂತು ಕೊರೆದು ಜನ ಒಳಗಿಳಿದು ಸ್ನಾನ ಮಾಡುತ್ತಾರೆ ಎಂದ. ಅದನ್ನು ಅವಳು ಹಾಗೇ ಹೇಳಿದಳು, ಮಕ್ಕಳು ಒಂದು ಚೂರೂ ನಂಬಲಿಲ್ಲ. ಬಿಸಿ ಹಬೆಯ ಕೋಣೆಯಲ್ಲಿ ಮನೆಮಂದಿಯೆಲ್ಲ ಬಟ್ಟೆಯಿಲ್ಲದೆ ಕೂರುತ್ತಾರೆ ಎಂದ. ಅದನ್ನು ಅವಳು ನುಂಗಿಕೊಂಡು, ಆ ದೇಶದಲ್ಲಿ ಗಂಡುಮಕ್ಕಳಿಗೆ ಏಳನೇ ತರಗತಿಯಲ್ಲಿ ಅಡಿಗೆಯೂ ಒಂದು ವಿಷಯ, ಹೊಲಿಗೆಯೂ ಒಂದು ವಿಷಯ, ಕಲಿಯಲೇಬೇಕು ಎಂದಳು. ಹಿಮಸಾರಂಗದ ಚಿತ್ರ ಬಂದಾಗ, ಮಗು ಹುಟ್ಟಿದರೆ ಅಪ್ಪ ತಿಂಗಳುಗಟ್ಟಲೆ ರಜೆ ಹಾಕಿ ಮನೆಯಲ್ಲಿ ಕೂತು ಮಗುವಿನ ಬಟ್ಟೆ ಒಗೆಯುತ್ತಾನೆ, ಅದಕ್ಕೆ ಸರ್ಕಾರವೇ ದುಡ್ಡು ಕೊಡುತ್ತದೆ ಎಂದಳು. ಇದು ಜಾಸ್ತಿಯಾಯಿತೇನೋ ಎಂದು ಅವಳಿಗೂ ಅನ್ನಿಸಿತು. ಮುಂದಿನ ವಾರ ಅಜ್ಜಿಯರಿಗೆ ವಾರಕ್ಕೊಂದು ದಿನ ರಜೆ ಕೊಟ್ಟಳು.

ಅನು ಒಂದು ಬೇರೆ ನೋಟ್‌ಬುಕ್ಕೇ ಮಾಡಿದಳು. ಮೇಲೆ 'ಫಿನ್ಲೆಂಡಿನ ಕಾನೂನುಗಳು' ಎಂದು ಬರೆದು ಗೀಟು ಹಾಕಿದ್ದಳು. ಐದನೆಯ ಶನಿವಾರಕ್ಕೆ ಹನ್ನೊಂದು ಕಾನೂನಾಗಿದ್ದವು.

ಆ ಭಾನುವಾರ ಬೀರಯ್ಯ ಉಂಡು ಚೊಂಬಿಗೆ ಕೈ ಹಾಕಿದರೆ ಚೊಂಬು ಇಲ್ಲ. ಅನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದಳು.

"ತಾತ, ಫಿನ್ಲೆಂಡಲ್ಲಿ ಇಂಗ್ ಮಾಡುದ್ರೆ ಕೇಸಾಯ್ತದೆ."

"ಕೊಡವ್ವ ಇತ್ಲಾಗೆ. ಇದು ಫಿನ್ಲೆಂಡಾ?"

"ಕಲ್ಲತ್ರ ಓಗಿ ತೊಳ್ಕೊ. ತಟ್ಟೆನೂ ತಕ್ಕೊಂಡೋಗು."

ಬೀರಯ್ಯ ಸೊಸೆ ಚಂದ್ರಕಲಳ ಕಡೆ ನೋಡಿದ. ಚಂದ್ರಕಲ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ಅವಳು ಮದುವೆಯಾಗಿ ಬಂದಂದಿನಿಂದ ಮಾವನ ತಟ್ಟೆ ಎತ್ತಿದವಳು. ಬೀರಯ್ಯ ಕೈಯ ಮುದ್ದೆ ಒಣಗುವ ತನಕ ಹಟ ಹಿಡಿದು ಕೂತಿದ್ದು, ಆಮೇಲೆ ಅದೇ ಕೈಯಲ್ಲಿ ಶಲ್ಯ ಹೊದ್ದು ಸುನಿತಾಳ ಮನೆಗೆ ಬಂದ. ಅಂಗಳದಲ್ಲಿ ನಿಂತೇ ಮಾತಾಡಿದ.

"ಮೇಡಮ್ಮೋರೆ, ನಾನೂ ದೇಶ ಕಂಡೋನೆ. ಧರ್ಮಸ್ಥಳ ಕಂಡಿವ್ನಿ, ಕಾಶಿ ಕಂಡಿವ್ನಿ. ಯಾವ ಸೀಮೇಲೂ ಗಂಡ್ಸು ತಟ್ಟೆ ತೊಳೆಯಾಕಿಲ್ಲ."

"ಫಿನ್ಲೆಂಡ್ ಕಂಡಿಲ್ವಲ್ಲ ಬೀರಯ್ಯಣ್ಣ?"

"ನೀವ್ ಕಂಡಿದ್ದೀರಾ?"

ಸುನಿತಾ ಅಂಗಳದಲ್ಲಿದ್ದ ಸಗಣಿ ಬುಟ್ಟಿ ಎತ್ತಿಕೊಂಡಳು.

"ಕೊನೆ ಶನ್ವಾರ ಟ್ರಸ್ಟಿನೋರು ಬತ್ತಾವ್ರೆ. ಅವ್ರಿಗೆ ಎರಡೂ ಭಾಷೆ ಬತ್ತದಂತೆ. ಆ ಈರಣ್ಣನ್ನ ಎಲ್ರ ಮುಂದೆ ನಿಲ್ಸಿ ಒಂದೊಂದ್ನೂ ಕೇಳಿಸ್ತೀನಿ. ಸುಳ್ಳು ಅಂತ ಆದ್ರೆ ಜೂನ್‌ಗೆ ಈ ಸ್ಕೂಲ್ ಕಡೆ ತಲೆ ಹಾಕ್ಬೇಡಿ. ಮಕ್ಳಿಗೆ ಸುಳ್ಳೇಳ್ಕೊಡೋರು ನಮಗ್ ಬ್ಯಾಡ."

ಅವಳು ಕೊಟ್ಟಿಗೆಗೆ ಹೋಗಿ ಸಗಣಿ ಬಾಚಿದಳು. ಬಾಚಿ ಆಗಿದ್ದ ಜಾಗವನ್ನೇ ಮತ್ತೊಮ್ಮೆ ಬಾಚಿದಳು.

ಕೊನೆಯ ವಾರ ಬೆಳಿಗ್ಗೆ ಹಾಲು ಕರೆಯುವಾಗ ಧೈರ್ಯ ಮಾಡಿ ಈರೋಗೆ ಹೇಳಿಬಿಡೋಣವೆಂದುಕೊಂಡಳು. ಅವನು ಹಸುವಿನ ಬಾಲ ಹಿಡಿದು ನಿಂತಿದ್ದ. ಅದು ಅವನೇ ವಹಿಸಿಕೊಂಡ ಕೆಲಸ. ಸಾರ್, ನಾನು ಕ್ಲಾಸಿನಲ್ಲಿ ಸ್ವಲ್ಪ ಹೆಚ್ಚಿಗೆ ಹೇಳಿದೆ ಎಂದಳು ಇಂಗ್ಲಿಷಿನಲ್ಲಿ. ಅವನು ಯೋಚಿಸಿದ. ಎರಡು ಚೊಂಬು ಹಾಲು ಆಗುವಷ್ಟು ಹೊತ್ತು ಯೋಚಿಸಿದ. ಆಮೇಲೆ, ಕನ್ನಡ ಉದ್ದವಾದ ಭಾಷೆ ಅಂದುಕೊಂಡಿದ್ದೆ ಎಂದ. ಏನು ಹೆಚ್ಚಿಗೆ ಎಂದು ಅವನು ಕೇಳುವಷ್ಟರಲ್ಲಿ ಚಿಕ್ಕಬೋರಮ್ಮ ಒಳಗಿನಿಂದ, "ಅಮ್ಮಿ, ಡೈರಿ ಬಾಗ್ಲಾಕ್ತಾರೆ ಕಣೆ! ಆಲ್ ಕಳ್ಸೋ ವೊತ್ನಾಗೆ ಅದೇನ್ ಇಂಗ್ಲೀಸು!" ಎಂದು ಕೂಗಿದಳು.

ಮಾರ್ಚಿನ ಆ ಶನಿವಾರ ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಹಿಂದೆ ಜಮಖಾನದ ಮೇಲೆ. ಟ್ರಸ್ಟಿನ ರಘುನಂದನ್ ಬೆಳಿಗ್ಗೆಯೇ ಬಂದು ಸುನಿತಾಳ ಮನೆಯಲ್ಲಿ ತಿಂಡಿ ತಿಂದು, ಬಿಳಿ ಷರಟಿನಲ್ಲಿ ವೇದಿಕೆ ಹತ್ತಿದ್ದ. ತಿಂಡಿಯನ್ನು ಸುನಿತಾ ಬೆಳಗಿನ ನಾಲ್ಕಕ್ಕೆದ್ದು ಮಾಡಿದ್ದಳು, ತನ್ನನ್ನು ತೂಗಲು ಬಂದವರಿಗೆ.

ಬೀರಯ್ಯ ಅನುವಿನ ನೋಟ್‌ಬುಕ್ಕು ಹಿಡಿದು ಎದ್ದ. "ಸಾರ್, ಈವಯ್ಯನ್ನ ಕೇಳಿ. ಒಂದ್ನೇದು. ಆ ದೇಶ್ದಾಗೆ ಉಂಡೋರೇ ತಟ್ಟೆ ತೊಳೀಬೇಕಂತೆ, ಹೌದಾ?"

ರಘುನಂದನ್ ಕೇಳಿದ. ಈರೋ ಹೌದು ಎಂದ.

"ಗಂಡಸ್ರೂವೆ?"

ಹೌದು.

"ತೊಳೀದಿದ್ರೆ ಕೇಸಾಯ್ತದಾ?"

ಈರೋ ಯೋಚಿಸಿದ. ಸುನಿತಾ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಕೇಸಿಲ್ಲವಂತೆ. ಅಮ್ಮ ಮಾತು ಬಿಡ್ತಾಳಂತೆ," ಎಂದ ರಘುನಂದನ್. "ಆದರೆ ಅವರಲ್ಲಿ ಮಾತು ಬಿಟ್ಟಿದ್ದಾಳೆ ಅಂತ ಗೊತ್ತಾಗೋಕೇ ನಾಲ್ಕು ದಿನ ಬೇಕಂತೆ."

"ಗಂಡುಡುಗ್ರು ಸ್ಕೂಲಲ್ಲಿ ಅಡಿಗೆ ಕಲೀತಾರಾ? ವಲಿಗೆ?"

ಈರೋ ಹೌದೆನ್ನುವ ಬದಲು ಶೂ ಬಿಚ್ಚಿದ. ಆ ಸೆಕೆಯಲ್ಲೂ ಅವನ ಕಾಲಲ್ಲಿ ದಪ್ಪ ಉಣ್ಣೆಯ ಕಾಲುಚೀಲ. ಕಾಲು ಎತ್ತಿ ಸಭೆಗೆ ತೋರಿಸಿದ. "ಅವರೇ ಹೆಣೆದದ್ದಂತೆ. ಶಾಲೆಯಲ್ಲಿ ಕಲಿತದ್ದು." ಮುಂದಿನ ಸಾಲಿನ ಗಂಡಸರು ಕುರ್ಚಿ ಹಿಂದೆ ಸರಿಸಿಕೊಂಡರು.

ಮಗು ಹುಟ್ಟಿದರೆ ಅಪ್ಪನಿಗೆ ರಜೆ, ರಜೆಗೆ ಸರ್ಕಾರದ ದುಡ್ಡು? ಹೌದು, ತಿಂಗಳುಗಟ್ಟಲೆ. ಅಜ್ಜಿಯರಿಗೆ ವಾರಕ್ಕೊಂದು ರಜೆ? ಇಲ್ಲ, ನನ್ನ ಅಜ್ಜಿಗೆ ವಾರವೆಲ್ಲ ರಜೆ. ಬುಧವಾರ ಕುಣಿಯಲು ಹೋಗುತ್ತಾಳೆ. ಹಿಂದೆ ಜಮಖಾನದ ಮೇಲೆ ಚಿಕ್ಕಬೋರಮ್ಮ ಪಕ್ಕದವಳನ್ನು, "ಏನಂದ? ಎಲ್ಲಿಗೋಯ್ತಾಳೆ?" ಎಂದು ಕೇಳಿದಳು.

ಸುನಿತಾಳ ಕೈಯಿಂದ ಸೆರಗು ಜಾರಿತು. ಕೊಟ್ಟಿಗೆ ಒಲೆಗಳ ನಡುವೆ ತಾನೊಬ್ಬಳೇ ಕೂತು ಕಟ್ಟಿದ ದೇಶ ಇದು. ಅದು ಯಾರಿಗೂ ಒಂದು ಮಾತು ಹೇಳದೆ ಮೊದಲಿನಿಂದಲೂ ಅಲ್ಲಿ ಇತ್ತು. ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಸಭೆಯಲ್ಲಿ ಮಾತ್ರ ಯಾರೂ ನಂಬಲಿಲ್ಲ. "ಈ ಸಾರೂ ಮೇಡಮ್ಮೋರ ಮನೇಲೇ ತಿಂಡಿ ತಿಂದವ್ರೆ ಕಣ್ಲಾ," ಎಂದ ಒಬ್ಬ. "ಕಾಲ್ಚೀಲ ಅಂಗಡೀಲೂ ಸಿಕ್ತದೆ," ಎಂದ ಇನ್ನೊಬ್ಬ.

ಬೀರಯ್ಯ ಕೊನೆಯ ಅಸ್ತ್ರವಾಗಿ ಮಕ್ಕಳು ಬರೆದು ಗೋಡೆಗೆ ಅಂಟಿಸಿದ್ದ, ಹೆಂಗಸನ್ನು ಹೊತ್ತು ಓಡುವ ಚಿತ್ರದ ಕಡೆ ಕೈ ತೋರಿಸಿದ. "ಇದು? ಎಂಡ್ತಿಗೆ ಉಸಾರಿಲ್ಲ ಅಂತ ಆಸ್ಪತ್ರೆಗೆ ಒತ್ಕೊಂಡೋಯ್ತಾವ್ನೆ ಅಂತ ಮೇಡಮ್ಮೋರು ಏಳ್ಕೊಟ್ಟವ್ರೆ."

ಈರೋ ಸುನಿತಾಳನ್ನು ನೋಡಿದ. ಅವನಿಗೆ 'ಸ್ವಲ್ಪ ಹೆಚ್ಚಿಗೆ' ಎಂದರೆ ಏನೆಂದು ಆಗ ಅರ್ಥವಾಗಿರಬೇಕು. ಆದರೆ ಅವನು ಸುಳ್ಳು ಹೇಳಲು ಬರದ ಮನುಷ್ಯ. ಇದ್ದುದನ್ನು ಹೇಳಿದ. ಹೆಂಡತಿಯನ್ನು ಹೊತ್ತು ಓಡುವ ಪಂದ್ಯ, ಅವಳ ತೂಕದಷ್ಟು ಬಿಯರು.

ಮುಂದಿನ ಸಾಲಿನ ಗಂಡಸರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬೀರಯ್ಯ ನಿಧಾನವಾಗಿ ತಲೆದೂಗಿದ. "ಇದು ನಂಬೋ ಮಾತು," ಎಂದ. "ನೋಡಿ, ಎಂಡ್ತಿನ ಬೆನ್ಮೇಲೆ ಆಕ್ಕೊಂಡ್ ನೀರಲ್ಲಿ ಓಡ್ತಾರೆ ಅಂದ್ರೆ ನಂಬ್ಬೋದು. ತಟ್ಟೆ ತೊಳೀತಾರೆ ಅಂದ್ರೆ ಎಂಗ್ ನಂಬದು? ಮೇಡಮ್ಮೋರು ಸುಳ್ಳೇಳವ್ರೆ ಅಂತ ಆಯ್ತಲ್ಲ."

"ಒಂದೇ ಅಲ್ವಾ ಅಧ್ಯಕ್ಷರೇ," ಎಂದರು ಹೆಡ್‌ಮೇಷ್ಟ್ರು ಮೆಲ್ಲಗೆ.

"ಒಂದ್ ತೊಟ್ಟು ಸಾಕು ಆಲು ಒಡೆಯಾಕೆ."

ಹೆಡ್‌ಮೇಷ್ಟ್ರು ಬರೆದು ಹಾಕುತ್ತೇನೆಂದಿದ್ದ ಕಾಗದವನ್ನು ಮಡಚಿ ಜೇಬಿಗೆ ಇಳಿಸಿದರು. ಅಷ್ಟರಲ್ಲಿ ಗಂಡಸರಿಗೆ ಪಂದ್ಯದ ಹುರುಪು ಹತ್ತಿತ್ತು. ಆಟದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದರು. ಚಲುವರಾಜು ಕೂಡ ಪ್ಯಾಂಟು ಮಡಚಿಕೊಂಡು ಹೆಂಡತಿಯ ಮುಂದೆ ಬಂದು ನಿಂತ. "ಬಾ ಅಮ್ಮಿ, ಒಂದ್ ಸುತ್ತು."

"ಕೆಲಸ ಹೋಯ್ತು ಕಣ್ರಿ ನಂದು," ಎಂದಳು ಸುನಿತಾ.

"ಅದು ಆಮೇಲೆ ನೋಡುವಾ. ಮೊದ್ಲು ಅತ್ತು."

ಅವಳು ಹತ್ತಲಿಲ್ಲ. ಚಂದ್ರಕಲಳೂ ಹತ್ತಲಿಲ್ಲ. ಜಮಖಾನದಿಂದ ಒಬ್ಬ ಹೆಂಗಸೂ ಏಳಲಿಲ್ಲ. ಗೆರೆ ಎಳೆದಾಗಿತ್ತು, ಸೀಟಿ ಊದಿಯೂ ಆಗಿತ್ತು. ಕೊನೆಗೆ ಗಂಡಸರು ಒಬ್ಬರನ್ನೊಬ್ಬರು ಹೊತ್ತುಕೊಂಡು ಓಡಿದರು. ಗೆದ್ದವನಿಗೆ ತೂಕಕ್ಕೆ ಬಹುಮಾನ ಏನು ಕೊಡುವುದೆಂದು ಜಗಳವಾಗಿ ಸಭೆ ಮುಗಿಯಿತು.

ಈರೋ ಸೋಮವಾರ ಹೊರಟ. ಹೋಗುವಾಗ ಚಿಕ್ಕಬೋರಮ್ಮನ ಕೈ ಕುಲುಕಿದ, ಆಮೇಲೆ ತಾನು ಮಲಗಿದ್ದ ಹಾಸಿಗೆಯ ಹೊದಿಕೆಯನ್ನು ತಾನೇ ಒಗೆದು ಹರವಿದ್ದನ್ನು ತೋರಿಸಿದ. ಸುನಿತಾಳ ಗಡಿಯಾರ ಗೂಡಿಗೆ ಹೋಯಿತು. ಏಪ್ರಿಲ್, ಮೇ. ಆ ಎರಡು ತಿಂಗಳಲ್ಲಿ ಚಲುವರಾಜುವಿನಲ್ಲಿ ಒಂದು ಬದಲಾವಣೆಯಾಗಿತ್ತು. ಉಂಡ ತಟ್ಟೆಯನ್ನು ಹಿತ್ತಲಿನ ಕಲ್ಲಿನ ತನಕ ಒಯ್ದು ಅಲ್ಲಿಡುತ್ತಿದ್ದ. ಇಟ್ಟು, ಕೊಟ್ಟಿಗೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸುತ್ತಿದ್ದ. ಅವಳು ಕರೆಯುವ ಹಾಲು ಬಿಟ್ಟು ಬಂದು ನೋಡಿ, ಹೌದು ಎಂದು ಹೇಳಿ, ತೊಳೆದಿಟ್ಟು ಹೋಗುತ್ತಿದ್ದಳು.

ಜೂನ್ ಬಂತು. ಸಮಿತಿಯ ಹದಿನೆಂಟು ಸದಸ್ಯರಲ್ಲಿ ಒಂಬತ್ತು ಹೆಂಗಸರು ಇರಬೇಕೆಂದು ನಿಯಮ, ಅದಕ್ಕೆ ಇದ್ದರು. ಸಭೆಗೆ ಅವರ ಗಂಡಂದಿರೋ ಮಾವಂದಿರೋ ಹೋಗುತ್ತಿದ್ದರು. ರಿಜಿಸ್ಟರು ಮಾತ್ರ ಮನೆಮನೆಗೆ ಬರುತ್ತಿತ್ತು. ಒಲೆಯ ಮುಂದೆ, ರಾಗಿಹಿಟ್ಟಿನ ಕೈಯಲ್ಲೇ ಹೆಂಗಸರು ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಎಷ್ಟು ವರ್ಷದ ರಿಜಿಸ್ಟರು ತೆಗೆದು ನೋಡಿದರೂ ಗಂಡಸರ ಸಹಿಯ ಸಾಲು ಬೆಳ್ಳಗಿದೆ, ಹೆಂಗಸರ ಸಾಲಿನಲ್ಲಿ ಅರಿಸಿನ, ಮಸಿ, ಎಣ್ಣೆಯ ಬೆರಳು ಇವೆ.

ತಂಗಿಯ ಸೊಸೆಯನ್ನು ನೇಮಿಸುವ ನಿರ್ಣಯ ಬರೆಸಿಕೊಂಡು ಬೀರಯ್ಯ ಮೊದಲು ತನ್ನ ಮನೆಯಲ್ಲೇ ರಿಜಿಸ್ಟರು ಚಾಚಿದ. ಚಂದ್ರಕಲ ಮುದ್ದೆ ತಿರುವುತ್ತಿದ್ದವಳು ಕೋಲು ಬಿಡಲಿಲ್ಲ.

"ಸಭೆಗೆ ಬಂದು ಆಕ್ತೀನಿ ಮಾವ."

"ಸಭೇಲಿ ನಿಂಗೇನವ್ವ ಕೆಲ್ಸ?"

"ಮೆಂಬ್ರಂತಲ್ಲ ನಾನು."

ಎರಡನೆಯ ಮನೆಯಲ್ಲೂ ಅದೇ ಉತ್ತರ. ಆರನೆಯ ಮನೆಗೆ ಹೋಗುವಷ್ಟರಲ್ಲಿ ಬೀರಯ್ಯನಿಗೆ ಬಾಯಾರಿಕೆಯಾಗಿತ್ತು. ಸೋಮವಾರ ಶಾಲೆಯಲ್ಲಿ ಒಂಬತ್ತು ಹೆಂಗಸರೂ ಬಂದು ಕೂತರು. ಅವರಿಗೆ ಕುರ್ಚಿ ಇರಲಿಲ್ಲವಾದ್ದರಿಂದ ಗಂಡಂದಿರಿಂದ ಕುರ್ಚಿ ಬಿಡಿಸಿಕೊಂಡರು.

"ಆವಮ್ಮ ಮಕ್ಳಿಗೆ ಸುಳ್ಳೇಳ್ಕೊಟ್ಟವ್ಳೆ," ಎಂದು ಬೀರಯ್ಯ ಶುರುಮಾಡಿದ.

"ಒಂದೂವರೆ ಸುಳ್ಳು ಮಾವ, ಆ ಚಿತ್ರದ್ದೊಂದು, ಕೇಸಿನ್ದು ಅರ್ಧ," ಎಂದಳು ಚಂದ್ರಕಲ. "ಮಿಕ್ಕಿದ್ದೆಲ್ಲ ನಿಜ ಅಂತ ಆವಯ್ಯನೇ ಶೂ ಬಿಚ್ಚಿ ತೋರುಸ್ದ. ಈ ಸಭೇಲಿರೋ ಗಂಡಸ್ರಲ್ಲಿ ಎಷ್ಟ್ ಜನ ಅಷ್ಟ್ ನಿಜ ಏಳವ್ರೆ? ಎದ್ದೇಳ್ರಪ್ಪ ನೋಡುವಾ."

ಯಾರೂ ಏಳಲಿಲ್ಲ. ಹೆಡ್‌ಮೇಷ್ಟ್ರು ಜೇಬು ತಡಕಿ, ಮಾರ್ಚಿನಿಂದ ಮೂರು ಸಲ ಒಗೆತ ಕಂಡಿದ್ದ ಕಾಗದವನ್ನು ಹೊರತೆಗೆದರು. ಅದರಲ್ಲಿ ಏನೂ ಓದಲಾಗುತ್ತಿರಲಿಲ್ಲವಾದರೂ ಗಟ್ಟಿಯಾಗಿ ಓದಿದರು. ಸುನಿತಾಳನ್ನೇ ಮುಂದುವರಿಸಬೇಕೆಂದು ಒಂಬತ್ತು ಸಹಿ ಬಿದ್ದವು. ಮೂವರು ಗಂಡಸರು, ತಮ್ಮ ಹೆಂಡಿರು ಎದುರಿಗೇ ಕೂತಿದ್ದರಿಂದ, ಸಹಿ ಹಾಕಿದರು. ಷರತ್ತು ಒಂದೇ: ಶನಿವಾರದ ಫಿನ್ಲೆಂಡ್ ಪಾಠ ನಿಲ್ಲಿಸಕೂಡದು.

ಮೊದಲ ಶನಿವಾರ ಸುನಿತಾ ಕೈಗಡಿಯಾರ ಕಟ್ಟಿಕೊಂಡು ತರಗತಿಗೆ ಹೋದರೆ, ಮಕ್ಕಳ ಹಿಂದೆ ಗೋಡೆಗೆ ಒರಗಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಕೆಲವರ ಮಡಿಲಲ್ಲಿ ಸೋಸುವ ಸೊಪ್ಪು. ಮೂಲೆಯಲ್ಲಿ ಚಿಕ್ಕಬೋರಮ್ಮ. ಅತ್ತೆ ಶಾಲೆಯೊಳಗೆ ಕಾಲಿಟ್ಟದ್ದನ್ನು ಸುನಿತಾ ನೋಡಿರಲೇ ಇಲ್ಲ. ಈರೋ ಇರಲಿಲ್ಲ, ಪರದೆಯೂ ಇರಲಿಲ್ಲ. ಕರಿಹಲಗೆಯ ಮೇಲೆ 'ಫಿನ್ಲೆಂಡ್' ಎಂದು ಬರೆದು, ಮುಂದೇನು ಎಂದು ಯೋಚಿಸುತ್ತಾ ನಿಂತಳು. ಈ ಸಲ ತಪ್ಪು ಹೇಳಿದರೆ ಸಹಿ ಹಾಕಿದವರಿಗೇ ಅವಮಾನ.

ಚಿಕ್ಕಬೋರಮ್ಮ ಕೈ ಎತ್ತಿದಳು. ಮಕ್ಕಳನ್ನು ನೋಡಿ ಕಲಿತದ್ದಿರಬೇಕು.

"ಮೇಡಮ್ಮೋರೆ," ಎಂದಳು ಸೊಸೆಯನ್ನು. "ಆ ದೇಶ್ದಾಗೆ ಅತ್ತೆದೀರು ಮದ್ದಾನ ಮನಿಕತ್ತಾರಾ?"

ಅರವತ್ತನಾಲ್ಕು ವರ್ಷದ ಅತ್ತೆ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ಸುನಿತಾ ಒಂದು ದಿನವೂ ಕಂಡಿರಲಿಲ್ಲ. ಜ್ವರ ಬಂದಾಗಲೂ ಗೋಡೆಗೊರಗಿ ಕೂತೇ ಇದ್ದವಳು.

"ಮಲಗ್ತಾರೆ ಅತ್ತೆ," ಎಂದಳು.

"ಎಸ್ಟೊತ್ತು?"

"ಎರಡು ಗಂಟೆ."

ಅನು ಪೆನ್ನು ತೆಗೆದಳು. ಚಿಕ್ಕಬೋರಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಒಂದ್ ಗಂಟೆ ಅಂತ ಬರ್ಕೊ ಮಗ," ಎಂದಳು. "ಎರಡು ಅಂದ್ರೆ ಯಾರೂ ನಂಬಾಕಿಲ್ಲ."